ನಾದಿನಿಯ ಹಸಿರು ಟಿಕ್ಕು

ಜೂನ್ 3, ಮಂಗಳವಾರ

ಮತ್ತೆ ಅದೇ. ಫೈಲು ತೆಗೆ, ಧೂಳು ಕೊಡವು, ಸೀನು, ಟೈಪ್ ಮಾಡು. ಯಾವ ನರ್ಸಿಗೆ ಯಾವ ಕೆಲಸ ಬರುತ್ತದೆ, ಯಾರು ನೋಡಿ ಸಹಿ ಹಾಕಿದರು, ಯಾವತ್ತು. ಇಷ್ಟೇ. ಇಷ್ಟನ್ನೇ ಈ ಆಸ್ಪತ್ರೆಯವರು ಕಾಗದದ ಮೇಲೆ ಬರೆದಿಟ್ಟಿರುವ ಚೆಂದ ದೇವರಿಗೇ ಪ್ರೀತಿ. ಒಬ್ಬಳ ಫೈಲಿನಲ್ಲಿ ಇನ್ನೊಬ್ಬಳ ಲಸಿಕೆ ಚೀಟಿ. ಇನ್ನೊಂದರಲ್ಲಿ, ಡ್ರಿಪ್ ಹಾಕಲು ಕಲಿತ ದಿನಾಂಕದ ಜಾಗದಲ್ಲಿ 'ಮೊನ್ನೆ' ಎಂದಿದೆ. ಯಾವ ಮೊನ್ನೆ, ತಾಯಿ?

ಈ ಹೊಸ ಸಾಫ್ಟ್‌ವೇರಿಗೆ ಮಹಾರಾಯ ಎಂದು ಹೆಸರಿಟ್ಟಿದ್ದೇನೆ. ಮಹಾರಾಯನಿಗೆ ಮೊನ್ನೆ ಅರ್ಥವಾಗುವುದಿಲ್ಲ. ಹಸಿರು ಎಂದರೆ ಕೆಲಸ ಬರುತ್ತದೆ, ಕೆಂಪು ಎಂದರೆ ಬರುವುದಿಲ್ಲ. ನಡುವೆ ಏನೂ ಇಲ್ಲ. ಜುಲೈ ಒಂದರಿಂದ ಹಸಿರಿಲ್ಲದವರಿಗೆ ಡ್ಯೂಟಿಯೇ ಹಾಕುವುದಿಲ್ಲವಂತೆ.

ಜೂನ್ 5

ಟ್ರೇನಿಂಗ್ ರೂಮಿನ ಫ್ಯಾನು ಹಾಕಿದರೆ ಕಾಗದ ಹಾರುತ್ತದೆ, ಹಾಕದಿದ್ದರೆ ನಾನು ಬೇಯುತ್ತೇನೆ. ಇಂಜೆಕ್ಷನ್ ಕಲಿಸುವ ರಬ್ಬರ್ ಕೈಯನ್ನು ಫೈಲುಗಳ ಮೇಲೆ ಭಾರಕ್ಕಿಟ್ಟೆ. ಸೂಪರಿಂಟೆಂಡೆಂಟ್ ಮೇಡಂ ಬಾಗಿಲಲ್ಲೇ ನಿಂತು ಎಷ್ಟಾಯಿತು ಅಂದರು. ಅರ್ಧ ಅಂದೆ. ಇನ್ನೂ ಅರ್ಧವಾ ಅಂದರು. ಹೋದರು. ಟ್ರೇನಿಂಗ್ ಇನ್‌ಚಾರ್ಜ್ ಅಂತ ಬಾಗಿಲ ಮೇಲೆ ಬೋರ್ಡು, ಒಳಗೆ ಕೂತವಳು ಟೈಪಿಸ್ಟು.

ಜೂನ್ 11, ಬುಧವಾರ, ಮಧ್ಯಾಹ್ನ 3

ನವಜಾತ ಶಿಶುಗಳ ವಾರ್ಡು. ಇದಾದರೂ ಸಲೀಸು ಅಂದುಕೊಂಡಿದ್ದೆ. ಅಲ್ಲಿನ ಇನ್‌ಚಾರ್ಜ್ ನನ್ನ ನಾದಿನಿ. ನಮ್ಮವರ ತಂಗಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ ಇರುವವಳು. ಅವಳ ವಾರ್ಡಿನ ಫೈಲುಗಳು ಇಸ್ತ್ರಿ ಮಾಡಿಟ್ಟ ಹಾಗಿವೆ. ಬೆಳಗ್ಗೆ ಕೂತವಳು ಊಟದ ಹೊತ್ತಿಗೆ ಮುಗಿಸಿದೆ. ಬಟನ್ ಒತ್ತಿದೆ. ಇಡೀ ವಾರ್ಡು ಕೆಂಪು.

ಕಂಪನಿಗೆ ಫೋನ್. ಬಹಳ ಹೊತ್ತು ಸಂಗೀತ ಕೇಳಿಸಿದರು. ಆಮೇಲೆ ಒಬ್ಬಾಕೆ, ಮಗುವಿಗೆ ಹೇಳುವ ಹಾಗೆ ಹೇಳಿದಳು — ಪರೀಕ್ಷೆ ಮಾಡಿದವರಿಗೆ ಮೊದಲು ಹಸಿರು ಇರಬೇಕು, ಆಗಲೇ ಉಳಿದವರಿಗೆ ಬರುತ್ತದೆ. ಈ ವಾರ್ಡಿನ ಎಲ್ಲರನ್ನೂ ಪರೀಕ್ಷೆ ಮಾಡಿದ್ದು ನಾದಿನಿ. ನಾದಿನಿಯನ್ನು ಮಾಡಿದವರು? ಇದ್ದಬದ್ದ ಕಪಾಟೆಲ್ಲ ತಡಕಿದೆ. ಯಾರೂ ಇಲ್ಲ. ವಾರ್ಡು ಶುರುವಾದಾಗ ಅವಳೇ ಮೊದಲಿನವಳು, ಅವಳನ್ನು ನೋಡಲು ಇನ್ಯಾರಿದ್ದರು? ಎಲ್ಲರಿಗೂ ಕಲಿಸಿದವಳಿಗೇ ಒಂದು ಹಾಳೆ ಇಲ್ಲ. ತಲೆ ಚಿಟ್ಟು ಹಿಡಿಯಿತು.

ಜೂನ್ 12

ಪರೀಕ್ಷಕರ ಸರ್ಟಿಫಿಕೇಟ್ ನಿಮ್ಮ ಹತ್ತಿರ ಇದೆಯಲ್ಲ, ನೀವೇ ಒಂದು ಟಿಕ್ ಹಾಕಿಬಿಡಿ ಎಂದು ಮೇಡಂ ಕೈ ತೊಳೆದುಕೊಂಡರು. ಮನೆಯಲ್ಲಿ ಊಟಕ್ಕೆ ಕೂತಾಗ ನಮ್ಮವರದೂ ಅದೇ ರಾಗ. ಒಂದು ಟಿಕ್ಕಿಗೆ ಇಷ್ಟೊಂದು ರಾಮಾಯಣ ಯಾಕೆ, ಅವಳಿಗೆ ಕೆಲಸ ಬರುತ್ತೋ ಇಲ್ಲವೋ ನಿನಗೆ ಗೊತ್ತಿಲ್ಲವಾ ಅಂತ.

ಗೊತ್ತು. ಆದರೆ ಒಂದೊಂದು ಟಿಕ್ಕಿಗೂ ಸಾಕ್ಷಿ ಕೇಳಿ ಕೇಳಿ ಇಡೀ ಆಸ್ಪತ್ರೆಯ ಕೈಲಿ ಬೈಸಿಕೊಂಡಿದ್ದೇನೆ. ಮನೆಯವಳಿಗೆ ಕಣ್ಣುಮುಚ್ಚಿ ಹಾಕಿದರೆ ನಾಳೆ ಯಾವ ಮುಖ ಇಟ್ಟುಕೊಂಡು ಉಳಿದವರನ್ನು ಕೇಳಲಿ? ಅರ್ಧ ಗಂಟೆ ಬಂದು ಗೊಂಬೆಯ ಮೇಲೆ ಮಾಡಿ ತೋರಿಸು, ಅಲ್ಲಿಗೆ ಮುಗಿಯಿತು ಅಂದೆ. ನಾದಿನಿ ತಟ್ಟೆ ಎತ್ತಿಕೊಂಡು ಎದ್ದಳು.

"ನನಗೆ ಪರೀಕ್ಷೆನಾ, ಅತ್ತಿಗೆ?"

ಅಷ್ಟೇ. ಕೋಣೆಯ ಬಾಗಿಲು ಹಾಕಿಕೊಂಡಳು.

ಜೂನ್ 17, ಮಂಗಳವಾರ

ಮಾತು ಬಿಟ್ಟಿದ್ದಾಳೆ. ನಾನು ಎದುರಿಗೇ ಕೂತಿದ್ದರೂ ಅಣ್ಣನಿಗೆ ಹೇಳುತ್ತಾಳೆ — ಗೀಸರ್ ಆಫ್ ಮಾಡಬೇಕಂತ ಹೇಳು. ಅವರು ನನ್ನ ಕಡೆ ತಿರುಗಿ ಅದನ್ನೇ ಅಕ್ಷರಕ್ಕೆ ಅಕ್ಷರ ಒಪ್ಪಿಸುತ್ತಾರೆ. ನಾನೂ ಹಟಕ್ಕೆ ಅವರ ಕೈಲೇ ಉತ್ತರ ಕಳಿಸುತ್ತೇನೆ. ಐವತ್ತರ ಹತ್ತಿರ ಬಂದ ಇಬ್ಬರು ಹೆಂಗಸರು, ನಡುವೆ ಒಬ್ಬ ಪಾಪದ ಮನುಷ್ಯ.

ವಾರ್ಡಿಗೆ ಹೋದೆ. ಎಲ್ಲರ ಮುಖವೂ ಊದಿಕೊಂಡಿದೆ. ನಾದಿನಿ ನನ್ನನ್ನು ನೋಡದವಳಂತೆ ಒಬ್ಬ ನರ್ಸಿನ ಮುಂದೆ ಸಿರಿಂಜ್ ಹಿಡಿದು, ಎಷ್ಟಿದೆ ಗಟ್ಟಿಯಾಗಿ ಓದು ಅನ್ನುತ್ತಿದ್ದಳು. ಅದು ಅವಳ ಪದ್ಧತಿ. ಪಕ್ಕದವಳು ಗಟ್ಟಿಯಾಗಿ ಓದಿದ ಮೇಲೆಯೇ ಮಗುವಿಗೆ ಔಷಧ. ನನಗೇ ಹೊಟ್ಟೆಕಿಚ್ಚಾಗುವಷ್ಟು ಚೆನ್ನಾಗಿ ಕಲಿಸುತ್ತಾಳೆ. ಇಂಥವಳಿಗೆ ಟಿಕ್ ಹಾಕಲು ನನಗೇನು ದಾಡಿ ಅಂತ ನನಗೇ ಅನ್ನಿಸಿತು.

ಜೂನ್ 23, ಸೋಮವಾರ, ಸಂಜೆ 5

ಬಂದಳು. ನಾನು ಕರೆದದ್ದಕ್ಕಲ್ಲ, ಮೇಡಂ ಗದರಿಸಿದ್ದಕ್ಕೆ.

ಗೊಂಬೆ ಮಗುವಿನ ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿದಳು. ಏನು ಬೆರಳು ಅವು... ಗೊಂಬೆಗೂ ನೋಯಬಾರದು ಎಂಬಂತೆ. ಎದೆ ಒತ್ತಿ ಉಸಿರು ಕೊಟ್ಟು ತೋರಿಸಿದಳು. ಹಸಿರು, ಹಸಿರು. ಕೊನೆಯದು ಚಿಕ್ಕ ಸಿರಿಂಜಿನಲ್ಲಿ ಡೋಸ್ ತೆಗೆಯುವುದು. ಪಾಯಿಂಟ್ ಮೂರು ಎಂಎಲ್ ತೆಗಿ ಅಂದೆ. ತೆಗೆದು ನನ್ನ ಕಡೆ ಚಾಚಿ, ಎಷ್ಟಿದೆ ಓದಿ ಅಂದಳು. ಇವತ್ತು ನೀನೇ ಓದು ಅಂದೆ. ತಮಾಷೆಗೆ ಅಂದದ್ದು.

ಕಿಟಕಿಯ ಕಡೆ ತಿರುಗಿದಳು. ದೂರ ಹಿಡಿದಳು, ಹತ್ತಿರ ತಂದಳು. ಪಾಯಿಂಟ್ ಮೂರು ಅಂದಳು. ಇದ್ದದ್ದು ಪಾಯಿಂಟ್ ಐದು.

ಇನ್ನೊಂದು ಸಲ ತೆಗಿ ಅಂದೆ. ಮತ್ತೆ ತಪ್ಪು. ಸ್ಟೂಲಿನ ಮೇಲೆ ಕೂತಳು. ಎರಡೂ ಕಣ್ಣಿಗೆ ಪೊರೆಯಂತೆ, ಎರಡು ವರ್ಷದಿಂದ. ಕನ್ನಡಕ ಹಾಕಿದರೂ ಮಂಜಂತೆ. ಆಪರೇಷನ್ ಅಂದರೆ ಭಯವಂತೆ. ಕೂಸುಗಳ ನೆತ್ತಿಯ ನರವನ್ನು ಬೆರಳಲ್ಲೇ ಹುಡುಕಿ ಸೂಜಿ ಹಾಕುವವಳಿಗೆ ತನ್ನ ಕಣ್ಣಿಗೆ ಬ್ಲೇಡು ಅಂದರೆ ಕೈಕಾಲು ತಣ್ಣಗಾಗುತ್ತದಂತೆ. ಜೊತೆಗೆ, ರಜೆ ಹಾಕಿದರೆ ವಾರ್ಡು ಬೇರೆಯವರ ಪಾಲಾಗುತ್ತದೆ ಎಂಬ ಹೆದರಿಕೆ. ಅಂದರೆ ಆ ಗಟ್ಟಿಯಾಗಿ ಓದಿಸುವುದು... ಪಾಠ ಅಂತ ನಾವೆಲ್ಲ ತಲೆದೂಗಿದೆವು.

"ಓದಿಸದೆ ಒಂದು ಹನಿ ಕೊಟ್ಟಿಲ್ಲ ಅತ್ತಿಗೆ. ಒಂದೇ ಒಂದು ಹನಿ."

ನಂಬುತ್ತೇನೆ. ಆದರೆ ಪಕ್ಕದಲ್ಲಿ ಓದುವವರಿಲ್ಲದ ದಿನ? ಹಸಿರೂ ಹಾಕಲಿಲ್ಲ, ಕೆಂಪೂ ಹಾಕಲಿಲ್ಲ. ಮಷೀನು ಆಫ್ ಮಾಡಿ ಮನೆಗೆ ಬಂದೆ.

ಜೂನ್ 24

ಸಿಟ್ಟು. ಅವಳ ಮೇಲೆ, ಮೇಡಂ ಮೇಲೆ, ಮಹಾರಾಯನ ಮೇಲೆ. 'ಓದುವವರು ಪಕ್ಕದಲ್ಲಿದ್ದರೆ ಬರುತ್ತದೆ' ಎಂದು ಬರೆಯಲು ಅವನಲ್ಲಿ ಜಾಗವಿಲ್ಲ. ಕಾಗದವಾಗಿದ್ದರೆ ಅಂಚಿನಲ್ಲಿ ಬರೆಯುತ್ತಿದ್ದೆ. ಬರೆದು ಕಪಾಟಿನಲ್ಲಿಟ್ಟು ಎಲ್ಲರೂ ಮರೆಯುತ್ತಿದ್ದೆವು — ಅದೂ ನಿಜ.

ನಮ್ಮವರಿಗೆ ಹೇಳಿದೆ. "ಅವಳಿಗೆ ಆ ವಾರ್ಡು ಬಿಟ್ರೆ ಏನಿದೆ ಹೇಳು?" ಅಂದರು. ನನಗೆ ಗೊತ್ತಿಲ್ಲವೇ? ಈ ಮನೆಗೆ ಬಂದ ದಿನದಿಂದ ನನ್ನ ಜಗಳಕ್ಕೂ ನಗುವಿಗೂ ಜೊತೆಯಾದವಳು ಅವಳೊಬ್ಬಳೇ. ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಜೂನ್ 30, ಸೋಮವಾರ, ಬೆಳಗ್ಗೆ 10

ಕೆಂಪು ಹಾಕಿದೆ. ಹಾಕುವ ಮೊದಲು ವಾರ್ಡಿಗೆ ಹೋಗಿ ಅವಳಿಗೆ ಹೇಳಿಯೇ ಹಾಕಿದೆ. ಅವಳ ಮುಖ ನಾನು ನೋಡಲಿಲ್ಲ.

ಆಗಿನಿಂದ ಫೋನು ಸುಮ್ಮನಾಗಿಲ್ಲ. ವಾರ್ಡಿನ ಅಷ್ಟೂ ನರ್ಸುಗಳನ್ನು ನಾನೇ ಒಬ್ಬೊಬ್ಬರನ್ನಾಗಿ ಮತ್ತೆ ಪರೀಕ್ಷೆ ಮಾಡಬೇಕು. ಅಲ್ಲಿಯವರೆಗೆ ಆ ವಾರ್ಡಿಗೆ ಮಾತ್ರ ಹಳೆಯ ಕಾಗದದ ಡ್ಯೂಟಿ ಪಟ್ಟಿಯೇ ಗತಿ. ಕಣ್ಣಿನ ವಿಷಯ ಹೇಳಿದ್ದಕ್ಕೆ ಮೇಡಂ ಕೂಗಾಡಿದರು. ಒಂದು ಟಿಕ್ ಹಾಕಿ ಅಂದಿದ್ದೆ ಅಂದರು. ನಾದಿನಿಗೆ ಸ್ಟೋರು, ಹತ್ತಿ ಬ್ಯಾಂಡೇಜಿನ ಉಸ್ತುವಾರಿ. ಕಣ್ಣು ಸರಿಹೋಗಿ ಪರೀಕ್ಷೆ ಪಾಸಾದರೆ ವಾರ್ಡು, ಇಲ್ಲವಾದರೆ ಅಲ್ಲೇ ಅಂದರು. ನಾದಿನಿ ವಾರ್ಡಿನ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಮೆಟ್ಟಿಲಿಳಿದು ಹೋದಳಂತೆ. ಆಯಾ ಬಂದು ಹೇಳಿದಳು.

ಜುಲೈ 15, ಮಂಗಳವಾರ, ಬೆಳಗ್ಗೆ 11

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ. ಇಷ್ಟು ದಿನ ಬರೆಯಲು ಪುರುಸೊತ್ತೇ ಇರಲಿಲ್ಲ. ವಾರ್ಡಿನವರೆಲ್ಲ ಹಸಿರಾದರು, ಒಬ್ಬಳೂ ತಪ್ಪಲಿಲ್ಲ. ಕಲಿಸಿದ್ದು ಅವಳಲ್ಲವೇ. ಅದನ್ನು ಅವಳಿಗೆ ಹೇಳೋಣವೆಂದರೆ ನಮ್ಮಿಬ್ಬರಿಗೂ ಮಾತಿಲ್ಲ.

ಆಪರೇಷನ್ನಿಗೆ ತಾನಾಗಿಯೇ ದಿನ ಗೊತ್ತು ಮಾಡಿಕೊಂಡಿದ್ದಾಳೆ. ನಿನ್ನೆ ಅಣ್ಣನನ್ನು ಮಾತ್ರ ಕರೆದಳು. ನಾನು ಕರೆಯದೆಯೇ ಬಂದಿದ್ದೇನೆ. ಅವರಿಬ್ಬರು ಆ ತುದಿ, ನಾನು ಈ ತುದಿ. ಹಸಿರು ಗೌನಿನಲ್ಲಿ ಸಣ್ಣಗೆ ಕಾಣುತ್ತಾಳೆ.

ನರ್ಸ್ ಬಂದು ಕರೆದಳು, ಬಾಗಿಲವರೆಗೆ ಜೊತೆಗೆ ಒಬ್ಬರು ಬರಬಹುದಂತೆ. ನಮ್ಮವರು ಎದ್ದರು. ಅವಳು ಅವರ ಭುಜ ಒತ್ತಿ ಕೂರಿಸಿದಳು. ನನ್ನ ಕಡೆ ನೋಡುತ್ತಿದ್ದಾಳೆ.

"ಅತ್ತಿಗೆ, ಭಯ ಆಗ್ತಿದೆ. ನೀವು ಬನ್ನಿ."

ನನಗೇ ಅಂದದ್ದು. ನೇರ ನನಗೇ. ಹೋಗ—