ಬಲಸೊಂಟದ ಸದ್ದು

ಕೋಥರೂಡ, ಪುಣೆ
12 ಜನವರಿ 2025

ಅಖಿಲ ಬಾರಾಮತಿ ಹಾಸ್ಟೆಲ್ ಚಕ್ರವರ್ತಿನಿ, ಮೆಸ್ಸಿನ ನೀರುಸಾರನ್ನು ಎದೆಗುಂದದೆ ಎದುರಿಸಿದ ವೀರಾಗ್ರಣಿ, ನಾಯಿಮರಿ ಗುಂಡ್ಯಾನ ಏಕೈಕ ಒಡತಿ ಸಿಂಧು ಅಕ್ಕನವರ ಪಾದಗಳಿಗೆ ತಮ್ಮ ಓಂಕಾರನ ಸಾಷ್ಟಾಂಗ ನಮಸ್ಕಾರಗಳು.

ನಿನ್ನ ನೆಗಡಿ ಹೇಗಿದೆ? ಅವ್ವನ ಕಷಾಯದ ಪುಡಿಯನ್ನು ಗೆಳತಿಯರ ಮೇಲೆ ಪ್ರಯೋಗಿಸಿ ನೀನು ಪಾರಾಗಿರುವೆಯೆಂದು ನಂಬಿದ್ದೇನೆ. ಇಲ್ಲಿ ಅವ್ವ, ಅಪ್ಪ ಕ್ಷೇಮ. ಗುಂಡ್ಯಾನ ವಿಷಯ ಮಾತ್ರ ಫೋನಿನಲ್ಲಿ ಹೇಳುವಂಥದ್ದಲ್ಲ.

ಅವನ ಸಡಿಲ ಸೊಂಟದ ಆಪರೇಶನ್ನಿಗೆ ಮುಂಚೆ ಪ್ರಾಣಿಗಳ ಡಾಕ್ಟರ್ ಏಕನಾಥ ಹೇಳಿದ್ದು ನೆನಪಿದೆಯಲ್ಲ: "ಸೊಂಟದ ಕೆಳಗಿನ ಎಲುಬಿಗೆ ಕಾವು ಕೊಟ್ಟು ಅದರ ಬೆಳವಣಿಗಿ ನಿಲ್ಲಸ್ತೀನ್ರಿ. ಉಳಿದದ್ದು ಬೆಳಕೋತ ಹೋಗಿ ತಾನ ಹೊಳ್ಳತದ, ತೊಡಿ ಎಲುಬಿನ ಗುಂಡಿನ ಮ್ಯಾಲ ಮುಚ್ಚಳ ಆಗತದ." ಅದು ನಿಜವಾಗಿಯೂ ಹೊರಳುತ್ತಿದೆ, ಅಕ್ಕಾ. ಎರಡು ತಿಂಗಳ ಎಕ್ಸ್‌ರೇಗಳನ್ನು ನಿನ್ನ ಕೋಣೆಯ ಕಿಟಕಿಗೆ ಅಂಟಿಸಿದ್ದೇನೆ. ಬಿಸಿಲು ಬಿದ್ದಾಗ ನೋಡಿದರೆ, ಆ ಬಿಳಿ ಎಲುಬನ್ನು ಯಾರೋ ಒಳಗಿನಿಂದ ಮೆಲ್ಲಗೆ ತಳ್ಳಿದಂತೆ ಕಾಣುತ್ತದೆ. ಕೆಳಗೆ ಕೂತ ಗುಂಡ್ಯಾ ಏನೂ ಅರಿಯದೆ ನನ್ನ ಚಪ್ಪಲಿ ಕಡಿಯುತ್ತಿರುತ್ತಾನೆ. ಅವನ ಮೈಯೊಳಗೇ ಒಂದು ಎಲುಬಿಗೆ ಇನ್ನು ಬೆಳೆಯಬೇಡವೆಂದು ಅಪ್ಪಣೆಯಾಗಿದೆ. ಅದನ್ನು ಅವನಿಗೆ ಯಾರು ಹೇಳಬೇಕು?

ಮತ್ತೆ ಆ ಸದ್ದು. ಮೊನ್ನೆ ಮಧ್ಯಾಹ್ನ ಅವ್ವ ಅಡುಗೆಮನೆಯಿಂದಲೇ, "ಬಾಗಲಾ ಹಾಕೋ ಓಂಕಾರ್ಯಾ, ಗಾಳಿಗೆ ಬಡಕೊಳ್ಳಾಕತ್ತದ" ಎಂದಳು. ಬಾಗಿಲುಗಳೆಲ್ಲ ಹಾಕಿದ್ದವು. ಗಾಳಿಯೂ ಇರಲಿಲ್ಲ. ಗುಂಡ್ಯಾ ನಿನ್ನ ಖಾಲಿ ಹಾಸಿಗೆಯನ್ನೇ ನೋಡುತ್ತ ಒಂದು ಹೆಜ್ಜೆ ಇಟ್ಟ. ಟಕ್. ಇನ್ನೊಂದು ಹೆಜ್ಜೆ. ಟಕ್. ಅವನ ಸೊಂಟಕ್ಕೆ ಕಿವಿಯಿಟ್ಟೆ. ಎಡಗಡೆ ಸದ್ದಿಲ್ಲ. ಬಲಗಡೆ ಚಿಲಕ ಬೀಳದ ಕದದಂತೆ ಅಲ್ಲಾಡುತ್ತಿತ್ತು.

ನಿನ್ನೆಯ ಎಕ್ಸ್‌ರೇಯೂ ಅದನ್ನೇ ಹೇಳಿತು. ಎಡಗಡೆ ಮುಚ್ಚಿದೆ, ಬಲಗಡೆ ಅರ್ಧ ತೆರೆದೇ ಇದೆ. "ಇನ್ನೊಂದ ತಿಂಗಳ ನೋಡೂಣು. ಮುಚ್ಚಲಿಲ್ಲಂದ್ರ ಎಲುಬು ಕೊಯ್ದು ಹೊಳ್ಳಿಸಿ ಪಟ್ಟಿ ಹಾಕಬೇಕಾಗ್ತದ. ಮರಿ ಹುಟ್ಟಿ ಹದಿನಾರನೇ ವಾರಕ್ಕ ತಂದಿದ್ರ…" ಎಂದ ಡಾಕ್ಟರ್ ಅಲ್ಲಿಗೇ ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಫೋನ್ ಎತ್ತುವ ಗಂಗೂಬಾಯಿ ಅಲ್ಲೇ ಗುಂಡ್ಯಾನ ತಲೆ ಸವರುತ್ತಿದ್ದಳು. ಆಪರೇಶನ್ ನಾಲ್ಕು ವಾರ ತಡವಾದದ್ದಕ್ಕೆ ನೀನು ಬೈದಾಗ, "ಅಕ್ಕಾರ, ನೀವ ಫೋನ್ ಮಾಡಿ ಮುಂದ ಹಾಕ್ರಿ ಅಂದಿದ್ರಲ್ರಿ" ಎಂದು ಅತ್ತಿದ್ದಳಲ್ಲ, ಅವಳೇ. ನೀನು ಫೋನೇ ಮಾಡಿರಲಿಲ್ಲ. ಆ ದನಿ ನಿನ್ನದೇ ಎಂದು ಅವಳು ಇವತ್ತಿಗೂ ಆಣೆ ಮಾಡುತ್ತಾಳೆ.

ಅವ್ವ, ಅಪ್ಪನ ಆಶೀರ್ವಾದ. ಗುಂಡ್ಯಾನಿಂದ ಒಂದು ಒದ್ದೆ ಮುತ್ತು.

ನಿನ್ನ ವಿಧೇಯ ತಮ್ಮ,
ಓಂಕಾರ

ತಾ.ಕ.: ಅವ್ವ ಬರುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನ ಹಾಗೆ ದನಿ ಮಾಡಿ ಫೋನ್ ಮಾಡಿದವನು ನಾನು. ಆಪರೇಶನ್ ಆದರೆ ಕೆಲವು ವಾರ ಮರಿಯನ್ನು ಓಡಿಸಿ ಆಡಿಸಬಾರದು ಎಂದಿದ್ದರು. ನನಗೆ ದೀಪಾವಳಿ ರಜೆಯಲ್ಲಿ ಆಟಕ್ಕೆ ಜೊತೆ ಬೇಕಿತ್ತು. ಗಂಗೂಬಾಯಿಗೆ ನೀನೇ ಹೇಳು. ನನಗೆ ಧೈರ್ಯವಿಲ್ಲ.