ಎರಡನೇ ಕೀಲಿಕೈ

ಹದಿನೇಳನೇ ತಾರೀಖು, ಗುರುವಾರ
ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ನಿನ್ನ ಕಾಗದ ಬಂದು ಆರು ವಾರ ಕಳೆಯಿತು. ಉತ್ತರ ಬರೆಯಲೆಂದು ಮೂರು ಸಲ ಕುಳಿತೆ, ಮೂರು ಸಲವೂ ಎದ್ದುಬಿಟ್ಟೆ. ತಡವಾಯಿತೆಂದು ಬೇಸರ ಮಾಡಿಕೊಳ್ಳಬೇಡ. ಇವತ್ತೂ ಅದೇ ಪಾಡು. ಒಂದು ಸಾಲು ಬರೆಯುವುದು, ಕಿಟಕಿಯ ತನಕ ಹೋಗುವುದು, ಚಿಲಕ ಹಾಕಿದೆಯೋ ನೋಡುವುದು, ಮತ್ತೆ ಬಂದು ಕೂರುವುದು. ಅಕ್ಷರ ಸೊಟ್ಟಗಿದ್ದರೆ ಅಮ್ಮನಿಗೆ ವಯಸ್ಸಾಯಿತು ಎಂದುಕೊಳ್ಳಬೇಡ. ಬಲಗೈ ಹೆಬ್ಬೆರಳಿಗೆ ಕೀಲಿಕೈ ಉಜ್ಜುವ ಅರ ತಾಗಿ ಬಟ್ಟೆ ಕಟ್ಟಿಕೊಂಡಿದ್ದೇನೆ.

ನಿನ್ನ ನಕ್ಷೆ ಕಚೇರಿಯಲ್ಲಿ ಹೊಸ ಮೇಜು ಕೊಟ್ಟರಂತಲ್ಲ, ಬೆಳಕು ಎಡಗಡೆಯಿಂದ ಬೀಳುತ್ತದೆಯೇ? ನೆಗಡಿ ಬಿಟ್ಟಿತೇ? ನನ್ನ ಅಂಗಡಿಗೆ ಸೀಲು ಹಾಕಿದ ಸುದ್ದಿಯನ್ನು ಪತ್ರಿಕೆಯಲ್ಲಿ ನೋಡಿ ಗಾಬರಿಯಾಯಿತು, ಏನಾಯಿತೆಂದು ಪೂರ್ತಿ ಬರೆ ಎಂದಿದ್ದೆ ನೀನು. ಬರೆಯುತ್ತೇನೆ.

ಚಳಿಗಾಲದಲ್ಲಿ ಇಲ್ಲಿ ಒಂದರ ಹಿಂದೆ ಒಂದು ಐದು ಮನೆ ಕಳ್ಳತನವಾಯಿತು. ಜನ ಹೆದರಿದ್ದು ನಿಜ. ನನಗೂ ಕೆಲಸ ಹೆಚ್ಚಾಗಿ ಊಟಕ್ಕೆ ಪುರುಸೊತ್ತಿರಲಿಲ್ಲ. ಆಗ ಸರ್ಕಾರ ‘ಸುರಕ್ಷಿತ ಮನೆ ನಿಯಮ’ ಎಂದು ಒಂದು ತಂದಿತು. ಹೆಸರು ಕೇಳಲು ಹಿತವಾಗಿಯೇ ಇದೆ. ನನ್ನಂಥ ಬೀಗದವರು ಯಾರಿಗೆ ಕೀಲಿಕೈ ಮಾಡಿಕೊಟ್ಟರೂ ಅಂಥದ್ದೇ ಎರಡನೆಯದೊಂದನ್ನು ಮಾಡಿ, ವಿಳಾಸದ ಚೀಟಿ ಕಟ್ಟಿ, ಠಾಣೆಗೆ ಕೊಡಬೇಕು. ಠಾಣೆಯವರು ಕರೆದರೆ ಹೋಗಿ, ಯಾಕೆ ಏನು ಎಂದು ಕೇಳದೆ ಬೀಗ ತೆಗೆಯಬೇಕು. ಇದನ್ನು ಕೈ ಎತ್ತಿ ಪಾಸು ಮಾಡಿದವರು ಆಕಾಶದಿಂದ ಇಳಿದವರಲ್ಲ, ನಾವೇ ಸಾಲಿನಲ್ಲಿ ನಿಂತು ಆರಿಸಿದವರು.

ಎದುರಿನ ಔಷಧಿ ಅಂಗಡಿಯವರು ದಿನಕ್ಕೊಮ್ಮೆ ಬಂದು ಬುದ್ಧಿ ಹೇಳುತ್ತಿದ್ದರು. “ಕೊಟ್ಟು ಕೈ ತೊಳ್ಕೊಳ್ಳಿ. ನಿಮಗ್ಯಾಕೆ ಊರ ಉಸಾಬರಿ?”

“ಸರಿ, ಹಾಗಾದ್ರೆ ನಿಮ್ಮ ಒಳಕೋಣೆ ಕೀಲಿಕೈನೇ ಮೊದಲು ಕೊಡ್ತೀನಿ” ಎಂದೆ.

“ಅಲ್ಲ, ನನ್ನದು ಯಾಕೆ ಈಗ” ಎಂದು ಹೊರಟವರು ಎರಡು ದಿನ ಈ ಕಡೆ ತಲೆ ಹಾಕಲಿಲ್ಲ.

ನಮ್ಮ ವಾರ್ಡಿನ ಸದಸ್ಯನನ್ನು ನೀನು ನೋಡಿಲ್ಲ, ನೀನು ಊರು ಬಿಟ್ಟ ಮೇಲೆ ಗೆದ್ದವನು. ಗೋಡೆಗೋಡೆಗೂ ಹಲ್ಲು ಬಿಟ್ಟ ಪಟ ಅಂಟಿಸಿದ್ದರಿಂದ ಎಲ್ಲರೂ ಅವನನ್ನು ನಗುಮುಖ ಎನ್ನುತ್ತಾರೆ. ಕೆಟ್ಟವನಲ್ಲ. ನಮ್ಮ ಬೀದಿಗೆ ದೀಪ ಹಾಕಿಸಿದ್ದು ಅವನೇ. ಒಂದು ಬೆಳಗ್ಗೆ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡು ಕೂತ.

“ಅಕ್ಕ, ಈ ಅಂಗಡಿಯಿಂದ ಒಂದು ಕೀಲಿಕೈನೂ ಠಾಣೆಗೆ ಬಂದಿಲ್ಲವಂತೆ. ನನ್ನ ಮರ್ಯಾದೆ ಪ್ರಶ್ನೆ ಕಣಕ್ಕ.”

“ಮಾಡಿಸಿಕೊಂಡವರದಪ್ಪ ಕೀಲಿಕೈ. ನಾನು ಯಾರದನ್ನ ಕೊಡಲಿ?”

“ನೀವು ವೋಟು ಹಾಕಿದ್ದು ನನಗೇ ತಾನೆ?”

“ನಿನಗೇ.”

“ಮತ್ತೆ? ನಮ್ಮ ಪಕ್ಷದ್ದೇ ಸರ್ಕಾರ, ನೀವೇ ಮಾಡಿದ್ದು. ನಿಮ್ಮ ಸರ್ಕಾರಕ್ಕೆ ನೀವೇ ಹೆದರೋದಾ?”

“ನಾನು ವೋಟು ಹಾಕಿದ್ದು ಚರಂಡಿ ತೆಗೆಸ್ತೀಯ, ದೀಪ ಹಾಕಿಸ್ತೀಯ ಅಂತ. ನಮ್ಮ ಮಲಗೋ ಕೋಣೆಗೆ ಬಂದು ಹಾಸಿಗೆ ಎತ್ತಿ ನೋಡು ಅಂತ ಹಾಕಲಿಲ್ಲ ಮಾರಾಯ.”

ಅವನು ನಕ್ಕ. “ನಾವ್ಯಾಕೆ ನೋಡ್ತೀವಿ? ಸುಮ್ನೆ ಇಟ್ಕೊಂಡಿರ್ತೀವಿ ಅಷ್ಟೆ.”

“ನೋಡಲ್ಲ ಅಂದ್ಮೇಲೆ ಇಟ್ಕೊಳ್ಳೋದ್ಯಾಕೆ? ನೀನು ಒಳ್ಳೆಯವನೇ, ಒಪ್ಪಿದೆ. ಮುಂದಿನ ಸಲ ನೀನು ಸೋತರೆ ಆ ಕೀಲಿಕೈ ಗೊಂಚಲಿನ ಮುಂದೆ ಯಾರು ಕೂರ್ತಾರೋ ನಿನಗೆ ಗೊತ್ತಾ?”

ಸೋಲುವ ಮಾತು ಅವನಿಗೆ ಹಿಡಿಸಲಿಲ್ಲ. ಕೊಟ್ಟ ಟೀ ಅರ್ಧ ಬಿಟ್ಟು ಎದ್ದು ಹೋದ.

ಅದಾಗಿ ಒಂದು ವಾರಕ್ಕೆ, ಮಂಗಳವಾರ ಹನ್ನೊಂದರ ಹೊತ್ತಿಗೆ, ಇನ್ಸ್‌ಪೆಕ್ಟರ್ ಇಬ್ಬರು ಪೇದೆಗಳ ಜೊತೆ ಬಂದು ಚೀಲ ತೆಗೆದುಕೊಂಡು ಬನ್ನಿ ಎಂದರು. ಹಿಂದಿನ ಓಣಿಯ ಮಹಡಿ ಕೋಣೆಯಲ್ಲಿ ಒಬ್ಬ ನರ್ಸ್ ಇದ್ದಾರೆ, ಸರ್ಕಾರಿ ಆಸ್ಪತ್ರೆಯವರು. ಆ ಆಸ್ಪತ್ರೆಯ ನೀರಿನ ತೊಟ್ಟಿಯಲ್ಲಿ ಹುಳ ಇದೆ ಎಂದು ಪತ್ರಿಕೆಗೆ ಹೋದ ದೂರಿನಲ್ಲಿ ಮೊದಲ ಸಹಿ ಅವರದು. ಒಬ್ಬರೇ ಇರುವವರೆಂದು ಆ ಬಾಗಿಲಿಗೆ ಏಳು ಲಿವರಿನ ಗಟ್ಟಿ ಬೀಗವನ್ನು ನಾನೇ ಕೂರಿಸಿಕೊಟ್ಟಿದ್ದೆ.

“ತೆಗೀರಿ” ಎಂದರು ಇನ್ಸ್‌ಪೆಕ್ಟರ್.

“ಅವರಿಲ್ಲ ಸಾರ್. ಡ್ಯೂಟಿಗೆ ಹೋಗಿದ್ದಾರೆ.”

“ಇಲ್ಲ ಅಂತಲೇ ನಿಮ್ಮನ್ನ ಕರೆದಿದ್ದು.”

“ಜಡ್ಜು ಸಹಿ ಮಾಡಿದ ಕಾಗದ?”

“ಹೊಸ ನಿಯಮದಲ್ಲಿ ಕಾಗದ ಬೇಕಾಗಿಲ್ಲ. ಅವರ ಒಳ್ಳೇದಕ್ಕೇ ಕಣಮ್ಮ ಇದು. ತಪ್ಪು ಮಾಡದೋರಿಗೆ ಭಯ ಯಾಕೆ?”

ನಾನು ಮೇಲಿನ ಮೆಟ್ಟಿಲಿನ ಮೇಲೆ ಕೂತುಬಿಟ್ಟೆ. ಚೀಲ ತೊಡೆಯ ಮೇಲಿತ್ತು. ಕೆಳಗೆ ಓಣಿಯಲ್ಲಿ ಒಬ್ಬೊಬ್ಬರೇ ಬಂದು ನಿಲ್ಲುತ್ತಿದ್ದರು.

“ಸಾರ್, ಹೋದ ವರ್ಷ ನಿಮ್ಮ ಮನೆ ಬೀರುವಿಗೆ ಎರಡನೇ ಬೀಗ ಹಾಕಿಸಿಕೊಂಡ್ರಲ್ಲ. ಒಳಗೇನಿದೆ ಅಂತ ನಾನು ಕೇಳಿದ್ನಾ?”

ಒಬ್ಬ ಪೇದೆ ಗೋಡೆಯ ಕಡೆ ತಿರುಗಿ ಕೆಮ್ಮಿದ. ಇನ್ಸ್‌ಪೆಕ್ಟರ್ ಕಿವಿ ಕೆಂಪಾಯಿತು.

“ಅದು ಬೇರೆ.”

“ಎಲ್ಲರದೂ ಬೇರೆನೇ ಸಾರ್.”

ಅವರೇ ಕೊಕ್ಕೆ ತಂತಿ ಹಾಕಿ ತಿರುವಿದರು. ತಂತಿ ಒಳಗೇ ಮುರಿಯಿತು. ಅಷ್ಟು ಜನರ ಕಣ್ಣೆದುರು ಬಾಗಿಲು ಒಡೆಯಲು ಮನಸ್ಸಾಗದೆ ಇಳಿದು ಹೋದರು. ಮೂರು ಗಂಟೆಗೆ ನನ್ನ ಅಂಗಡಿಗೆ ಸೀಲು ಬಿತ್ತು.

ನನ್ನ ಬಾಗಿಲಿಗೆ ಅವರು ಜಡಿದ ಬೀಗವನ್ನು ನೀನು ನೋಡಬೇಕಿತ್ತು. ತಗಡಿನ ಆಟಿಕೆ. ಕೂದಲ ಪಿನ್ನು ಸಾಕು, ಬೇರೆಯವರ ಜೊತೆ ಹರಟುತ್ತಾ ತೆಗೆದೇನು. ನಲವತ್ತೊಂದು ದಿನ ಅದರ ಮುಂದೆ ಓಡಾಡಿದೆ. ಮುಟ್ಟಲಿಲ್ಲ. ಆದರೆ ಮನೆಯಲ್ಲಿ ಕೈಕಟ್ಟಿ ಕೂರುವುದು ನನ್ನಿಂದಾಗದು, ನಿನಗೇ ಗೊತ್ತಲ್ಲ. ಗಟ್ಟಿಯಾಗಿದ್ದ ಕಿಟಕಿ ತಿರುಪುಗಳನ್ನೂ ಬಿಚ್ಚಿ ಬಿಗಿ ಮಾಡಿದೆ.

ವಕೀಲರನ್ನು ಕರೆತಂದಿದ್ದು ಆ ನರ್ಸೇ. ಅವರ ಜೊತೆ ಓದಿದವಳಂತೆ, ದಪ್ಪ ಕನ್ನಡಕ, ನಿನ್ನದೇ ವಯಸ್ಸು. ನರ್ಸ್ ನನ್ನ ಪಕ್ಕ ಕೂತು, “ನನ್ನ ಕೋಣೇಲಿ ಏನಿತ್ತು ಗೊತ್ತಾ ಅಮ್ಮ? ಒಂದು ರಾಶಿ ಒಗೆಯದ ಬಟ್ಟೆ. ಅಷ್ಟೇನೇ. ಆದರೂ ಅದು ನನ್ನ ರಾಶಿ” ಎಂದರು.

ನಿಯಮದ ವಿರುದ್ಧ ನಾವು ಹಾಕಿದ ಕೇಸು ಕೋರ್ಟಿನಲ್ಲಿ ಹೋದ ತಿಂಗಳು ಎರಡು ದಿನ ನಡೆಯಿತು. ಸರ್ಕಾರದ ವಕೀಲರು ಮೆತ್ತಗೆ ಮಾತಾಡುವವರು. ಬೀಗದವರ ಕೈಗೆ ಊರನ್ನೇ ಕೊಟ್ಟಿದ್ದೇವೆ, ಅವರನ್ನು ನಂಬುವುದಾದರೆ ಸರ್ಕಾರವನ್ನು ಯಾಕೆ ನಂಬಬಾರದು ಎಂದು ವಾದಿಸಿದರು. ಕೇಳಿದರೆ ಹೌದಲ್ಲ ಅನ್ನಿಸುವ ಮಾತು. ಆಮೇಲೆ ನನ್ನ ಕಡೆ ತಿರುಗಿದರು.

“ಮೂವತ್ತೊಂದು ವರ್ಷದಲ್ಲಿ ಒಡೆಯರ ಒಪ್ಪಿಗೆ ಇಲ್ಲದೆ ಒಂದೇ ಒಂದು ಬೀಗ ತೆಗೆದಿದ್ದೀರಾಮ್ಮ?”

“ಇಲ್ಲ” ಎಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ಮೆಚ್ಚಿ ಭೇಷ್ ಎಂದರು. ಜಡ್ಜು ಬರೆದುಕೊಂಡರು. ಕೊನೆಯ ತೀರ್ಪು ಬರುವವರೆಗೆ ನಿಯಮ ಜಾರಿ ಮಾಡಕೂಡದು, ಅಂಗಡಿಯ ಸೀಲು ತೆಗೆಯಬೇಕು ಎಂದರು. “ಸರ್ಕಾರವನ್ನು ನಾವು ಕಾವಲಿಗೆ ಇಟ್ಟುಕೊಂಡಿದ್ದೇವೆ. ಕಾವಲಿನವರು ಒಳಗೆ ಬರಬೇಕಾದರೂ ಬಾಗಿಲು ತಟ್ಟಬೇಕು” ಎಂದು ಅವರು ಹೇಳಿದ ಮಾತು ಮರುದಿನದ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು, ಪಕ್ಕದಲ್ಲಿ ನನ್ನ ಪಟ. ಕಣ್ಣು ಮುಚ್ಚಿಕೊಂಡಿದ್ದೇನೆ ಅದರಲ್ಲಿ.

ಈಗ ಅಂಗಡಿ ತೆರೆದಿದೆ. ಬೀಗ ಕೆಟ್ಟಿಲ್ಲದವರೂ ಬಂದು ಕೈ ಕುಲುಕಿ ಹೋಗುತ್ತಾರೆ. ಔಷಧಿ ಅಂಗಡಿಯವರು ಮೊದಲಿನಿಂದಲೂ ತಾವು ನನ್ನ ಬೆನ್ನಿಗಿದ್ದ ಕಥೆಯನ್ನು ಗಿರಾಕಿಗಳಿಗೆ ಹೇಳುತ್ತಿದ್ದಾರೆ. ನನಗೆ ಮಾತ್ರ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಈ ವಾರ ಮೂರು ಕೀಲಿಕೈಗೆ ತಪ್ಪು ಹಲ್ಲು ಕತ್ತರಿಸಿದೆ, ಬೆರಳು ಕೊಯ್ದುಕೊಂಡೆ. ಯಾರಾದರೂ ಹೊಗಳಿದರೆ ಅರದ ಪುಡಿ ಊದುವ ನೆಪದಲ್ಲಿ ತಲೆ ತಗ್ಗಿಸುತ್ತೇನೆ.

ಅಪ್ಪ ಇದ್ದಿದ್ದರೆ ಎಂದು ಬರೆಯಲು ಹೋದೆ. ಅವರ ಮಾತು ಎತ್ತಿದರೆ ನಿನ್ನ ಮುಂದಿನ ಕಾಗದ ತಡವಾಗುತ್ತದೆಂದು ನನಗೆ ಗೊತ್ತು. ಈ ಏಳು ವರ್ಷದಲ್ಲಿ ನೀನು ಮನೆಗೆ ಬಂದದ್ದು ಒಂದೇ ಸಲ, ಎರಡು ವರ್ಷದ ಹಿಂದೆ ಅವರು ತೀರಿಕೊಂಡಾಗ. ಆಗಲೂ ನೀನು ಬಾಗಿಲ ಹತ್ತಿರವೇ ನಿಂತಿದ್ದೆ.

ಸೋಮವಾರ ಕೊನೆಯ ವಿಚಾರಣೆ. ನನ್ನನ್ನು ಮತ್ತೆ ಕರೆಯುತ್ತಾರಂತೆ. ನಿನಗೆ ಒಳ್ಳೆಯದಾಗಲಿ. ಕಣ್ಣಿಗೆ ಆಯಾಸವಾಗುವಷ್ಟು ಗೆರೆ ಎಳೆಯಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ನೆಮ್ಮದಿಯಾಗಿ, ನಿನಗೆ ಸರಿ ಕಂಡಂತೆ ಬಾಳು.

ನಿನ್ನ
ಅಮ್ಮ

ಸಹಿ ಹಾಕಿದ ಮೇಲೆ:

ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಕೋರ್ಟಿನಲ್ಲಿ ನಾನು ಸುಳ್ಳು ಹೇಳಿದೆ ಪುಟ್ಟಿ. ಒಂದು ಬೀಗ ತೆಗೆದಿದ್ದೆ. ನಿನ್ನ ಮೇಜಿನ ಡ್ರಾಯರಿನದು.

ನಮ್ಮ ಅಂಗಡಿಯ ಗೋಡೆ ತುಂಬ ಬೀಗ ತೂಗುತ್ತಿರುವಾಗ ನೀನು ಬೇರೆ ಅಂಗಡಿಯಿಂದ ಬೀಗ ಕೊಂಡು ತಂದೆ. ಅದು ನನಗೆ ಚುಚ್ಚಿತು. ನೀನು ಕಾಲೇಜಿಗೆ ಹೋದಾಗ ತೆಗೆದೆ. ಒಲೆಯ ಮೇಲಿಟ್ಟ ಹಾಲು ಉಕ್ಕುವಷ್ಟು ಹೊತ್ತೂ ಬೇಕಾಗಲಿಲ್ಲ. ಆ ಹುಡುಗನ ಹನ್ನೊಂದು ಕಾಗದಗಳನ್ನೂ ಓದಿದೆ. ನೀವಿಬ್ಬರೂ ಊರು ಬಿಡಬೇಕೆಂದಿದ್ದ ದಿನವೂ ಅದರಲ್ಲಿತ್ತು. ಅವನ ಅಣ್ಣನ ಹತ್ತಿರ ಹೋಗಿ ಮಾತಾಡಿ ಎಂದು ಅಪ್ಪನನ್ನು ಹಟ ಹಿಡಿದು ಕಳಿಸಿದವಳೂ ನಾನೇ. ಆ ಮನೆಯವರು ಅವನನ್ನು ದೂರ ಸಾಗಿಸಿಬಿಟ್ಟರು. ನೀನು ಬಂದು “ನನ್ನ ಡ್ರಾಯರ್ ಯಾರು ತೆಗೆದಿದ್ದು?” ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅಪ್ಪ “ನಾನು” ಎಂದರು. “ನಿಮ್ಮಮ್ಮನ ಗೊಂಚಲಿನಲ್ಲಿ ಒಂದು ಕೀಲಿಕೈ ಕೂತಿತು” ಎಂದರು. ನೀನು ನಂಬಿದೆ. ನಾನು ಸುಮ್ಮನಿದ್ದೆ.

“ಅವಳ ಒಳ್ಳೇದಕ್ಕೇ” ಎಂದು ಅವತ್ತು ನಾನು ಅಪ್ಪನಿಗೆ ಹೇಳಿದ್ದೆ. ಮಹಡಿ ಮೆಟ್ಟಿಲ ಮೇಲೆ ಇನ್ಸ್‌ಪೆಕ್ಟರ್ ಬಾಯಲ್ಲಿ ಅದೇ ಮಾತು ಬಂದಾಗ ನಾನು ಕೂತದ್ದು ಧೈರ್ಯದಿಂದಲ್ಲ.

ಕನ್ನಡಕದ ವಕೀಲೆಗೆ ಇಷ್ಟು ಹೇಳಿದೆ, ಮನೆಯೊಳಗೆ ಒಂದು ಬೀಗ ತೆಗೆದಿದ್ದೆ ಎಂದು. “ತಾಯಿ ಬೇರೆ, ಸರ್ಕಾರ ಬೇರೆ. ಅವರು ಕೇಳಿದ್ದು ಕಸುಬಿನ ಮಾತು. ಈಗ ಎತ್ತಿದರೆ ಕೇಸಿಗೆ ಪೆಟ್ಟು ಬೀಳುತ್ತೆ, ಬಿಟ್ಟುಬಿಡಿ” ಎಂದಳು. ಕಾನೂನಿನಲ್ಲಿ ಹಾಗೇ ಇರಬಹುದು. ಸೋಮವಾರ ನಾನು ಎದ್ದು ನಿಂತು, ಒಮ್ಮೆ ತೆಗೆದಿದ್ದೆ, ತಪ್ಪು ಮಾಡಿದೆ ಎಂದು ಹೇಳುತ್ತೇನೆ. ಯಾರ ಬೀಗ, ಒಳಗೇನಿತ್ತು ಎಂದು ಕೇಳಿದರೆ ಹೇಳುವುದಿಲ್ಲ. ಅದು ನಿನ್ನದು. ನಿನ್ನನ್ನು ಕೇಳದೆ ಇನ್ನೊಮ್ಮೆ ತೆಗೆಯಲಾರೆ.

ನಿನಗೆ ನಿಜ ಬರೆದುಬಿಡುತ್ತೇನೆ ಎಂದು ಅಪ್ಪನ ಹತ್ತಿರ ಎಷ್ಟೋ ಸಲ ಹೇಳಿದ್ದೆ. ಅವರು ಬೇಡವೆಂದರು. “ನನ್ನ ಮೇಲೆ ಮುನಿಸಿಕೊಂಡಿರಲಿ ಬಿಡು. ನಿನಗಾದರೂ ಬರೀತಾಳಲ್ಲ” ಎನ್ನುತ್ತಿದ್ದರು. ನಿನ್ನ ಕಾಗದ ಬಂದ ದಿನ ಕೆಲಸ ಬಿಟ್ಟು ಬಂದು ನಿಲ್ಲುತ್ತಿದ್ದರು. ಓದಿ ಎಂದು ಕೈಗೆ ಕೊಟ್ಟರೂ ತೆಗೆದುಕೊಳ್ಳುತ್ತಿರಲಿಲ್ಲ. “ನಿನ್ನ ಹೆಸರಿಗೆ ಬಂದಿರೋದು, ನೀನೇ ಓದಿ ಹೇಳು” ಎಂದು, ಎರಡೆರಡು ಸಲ ಓದಿಸಿಕೊಂಡು ಕೇಳುತ್ತಿದ್ದರು.