ಪಂಡಿತನ ಕುದುರೆ ವೇಗದ ಕಂಪ್ಯೂಟರ್

ಲೋ ಪಂಡಿತ,

ಮನೆ ನಕ್ಷೆ ಕೊಡೋಕೆ ಸೈಟಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೀನಿ.

ಕಂಪ್ಯೂಟರ್ ಬಿಸಿಯಾಗುತ್ತೆ ಅಂತ ಅದರ ಪಕ್ಕ ಇಟ್ಟಿದ್ದೆಯಲ್ಲ, ಆ ಟೇಬಲ್ ಫ್ಯಾನನ್ನ ನನ್ನ ರೂಮಿಗೆ ತಗೊಂಡಿದ್ದೀನಿ. ಕಿರುಚಬೇಡ, ಏನೂ ಸುಟ್ಟುಹೋಗಲ್ಲ.

ಎದುರುಮನೆ ಟೀಚರ್ ಕಂಪ್ಯೂಟರಿಗೂ ವೇಗ ಹೆಚ್ಚಿಸೋ ಇದೇ ವಿದ್ಯೆ ಮಾಡಿಕೊಡ್ತೀನಿ ಅಂತ ಮಾತು ಕೊಟ್ಟಿದ್ದೀಯಂತೆ. ಅವರ ಮನೆ ಹೊಸ್ತಿಲು ತುಳಿದರೆ ನೋಡು!

ಹಿಂದೆ ಒಂದು ಸಲ ವೇಗ ಹೆಚ್ಚಿಸ್ತೀನಿ ಅಂತ ಹೋಗಿ ನನ್ನ ಮೂರು ದಿನದ ಕೆಲಸ ನುಂಗಿ ನೀರು ಕುಡಿದವನು ನೀನು. ಹೋದ ವಾರ ಮತ್ತೆ ಅಂಗಡಿಯಲ್ಲಿ ಕೂತು ಫೋನಿನಲ್ಲೇ ಅಪ್ಪಣೆ ಕೊಡಿಸಿದೆ: "ಅಕ್ಕಾ, ಆನ್ ಆಗ್ತಿದ್ದ ಹಾಗೇ ಡಿಲೀಟ್ ಒತ್ತು, ಬಯಾಸ್ ಅನ್ನೋ ಸೆಟ್ಟಿಂಗ್ ಪುಟ ತೆರೆಯುತ್ತೆ. ಮೇಲಿರೋ ವೇಗದ ನಂಬರ್ ಐವತ್ತು ಮಾಡು. ವೋಲ್ಟೇಜ್ ಒಂಚೂರು ಏರಿಸು. ಆಯ್ತಾ?" ನಾನೂ ಪ್ರತಿ ಮಾತಿಗೂ "ಹ್ಞೂಂ, ಆಯ್ತು" ಅಂದೆ.

ಸಂಜೆ ಬಂದು ಆಟಕ್ಕೆ ಕೂತವನೇ, "ನೋಡಕ್ಕಾ, ಕುದುರೆ ಥರ ಓಡ್ತಿದೆ!" ಅಂತ ಕುಣಿದೆ. ಅವತ್ತಿಂದ ಗೆಳೆಯರನ್ನೆಲ್ಲ ಕರೆದು ಆ ಕುದುರೆ ತೋರಿಸಿದ್ದೇ ತೋರಿಸಿದ್ದು. ಒಬ್ಬನಾದರೂ ಆ ನಂಬರ್ ನೋಡಿದನಾ? ಇಲ್ಲ. ಎಲ್ಲರೂ ತಲೆಯಾಡಿಸಿದರು.

ನೀನು ಫೋನಿನಲ್ಲಿ ಪುರಾಣ ಹೇಳ್ತಿದ್ದಾಗ ನಾನು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ ಕಣೋ. ಕಂಪ್ಯೂಟರಿನ ಸ್ವಿಚ್ ಕೂಡ ಹಾಕಿರಲಿಲ್ಲ.

ಅಕ್ಕ